ಹೊಡೆದು ಹಾಕಿದ ಅಂಕಿ

ಆ ಮನೆಯ ಕಿರಿ ಮಗಳಿಗೆ ‘ಯಾಕಮ್ಮ’ ಎಂಬ ಹೆಸರು ಬಿದ್ದು ಹತ್ತು ವರ್ಷವಾಗಿತ್ತು. ಮಾತು ಕಲಿತ ದಿನದಿಂದ ‘ಯಾಕೆ, ಯಾಕೆ’ ಎಂದು ಕೇಳಿ ಮನೆಯವರ ತಲೆ ತಿಂದಿದ್ದಕ್ಕೆ ಸಿಕ್ಕ ಬಿರುದು ಅದು. ಹಾಲು ಯಾಕೆ ಉಕ್ಕುತ್ತೆ, ಅಪ್ಪನ ವೆಲ್ಡಿಂಗ್ ಬೆಳಕನ್ನು ಯಾಕೆ ನೋಡಬಾರದು, ಅಜ್ಜಿಯ ಬಾಯಲ್ಲಿ ಹಲ್ಲು ಯಾಕಿಲ್ಲ. ‘ನೀನು ಹುಟ್ಟಿದೆಯಲ್ಲ, ಅದಕ್ಕೇ ಉದುರಿಹೋದ್ವು’ ಎಂದು ಅಜ್ಜಿ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು. ಈಗ ಹುಡುಗಿ ಒಂಬತ್ತನೇ ತರಗತಿ. ಹೆಸರಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಮನೆಯ ಮುಂಭಾಗ ಅಪ್ಪನ ವೆಲ್ಡಿಂಗ್ ಶೆಡ್. ಅದರ ಹಿಂದೆ ಮೂರು ಕೋಣೆ, ಒಂದು ಅಡುಗೆಮನೆ. ನಡುವಿನ ಕೋಣೆಯ ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಯಂತ್ರ. ಅಣ್ಣ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ, ಉಳಿದ ದಿನ ಫೋನಿನಲ್ಲಿ. ಅವನ ಹೆಂಡತಿ, ಅಂದರೆ ಯಾಕಮ್ಮನ ಅತ್ತಿಗೆ, ಐದು ತಿಂಗಳ ಬಸುರಿ. ತಾಯಿ ಇಲ್ಲದೆ ಬೆಳೆದವಳು, ಮಾತು ಕಡಿಮೆ. ಅವಳಿಂದ ಒಂದು ಮಾತು ಹೊರಡಿಸಬೇಕಾದರೆ ಅಮ್ಮ ಮೂರು ಮಾತು ಖರ್ಚು ಮಾಡಬೇಕಾಗಿತ್ತು. ಇನ್ನು ಕೊನೆಯ ಕೋಣೆ. ಹತ್ತಡಿ ಉದ್ದ, ಎಂಟಡಿ ಅಗಲ, ಒಂದೇ ಕಿಟಕಿ. ಅದು ಬಾಣಂತಿ ಕೋಣೆ.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿ ಮಗು ಮನೆಗೆ ಬಂದ ದಿನದಿಂದ ನಲವತ್ತು ದಿನ ಅಲ್ಲಿಗೆ ಹೊರಗಿನ ಗಾಳಿ ಸುಳಿಯಬಾರದು. ಕಿಟಕಿ ಮುಚ್ಚಿ, ಬಾಗಿಲಿನ ಅಡಿಗೆ ಹಳೇ ಬಟ್ಟೆ ತುರುಕಿ, ಮಂಚದ ಪಕ್ಕ ಇದ್ದಿಲ ಅಗ್ಗಿಷ್ಟಿಕೆ ಇಟ್ಟು, ಕೆಂಡ ಆರದ ಹಾಗೆ ನೋಡಿಕೊಳ್ಳಬೇಕು. ಬಾಣಂತಿಯ ಮೈ ಬೆಚ್ಚಗಿರಬೇಕು, ಕೂಸಿಗೆ ಗಾಳಿ ಸೋಕಬಾರದು. ಯಾರು ಮಾಡಿದ ನಿಯಮ ಎಂದು ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಅವಳ ಅತ್ತೆ ಹೇಳಿದ್ದಳು, ಆ ಅತ್ತೆಗೆ ಅವಳ ಅತ್ತೆ. ಓದುತ್ತಿರುವ ನೀವು ‘ಅಯ್ಯೋ ಮಂಕುಗಳಾ’ ಎಂದು ನಗುವ ಮೊದಲು ನಿಮ್ಮ ಮನೆಯಲ್ಲಿ ಕಾರಣ ಕೇಳದೆ ನಡೆಸಿಕೊಂಡು ಬಂದದ್ದು ಏನೇನಿದೆ ಎಂದು ಒಮ್ಮೆ ನೋಡಿಕೊಳ್ಳಿ. ಈ ಮನೆಯವರು ಕೆಟ್ಟವರಲ್ಲ. ಕೂಸು ಬದುಕಲಿ ಎಂದೇ ಎಲ್ಲ ಮಾಡಿದರು.

ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನ ಚೊಚ್ಚಲ ದಿನಗಳು ಹತ್ತಿರವಾದಾಗ ಅಜ್ಜಿ ಕೋಣೆಯನ್ನು ಒಮ್ಮೆ ಪರೀಕ್ಷೆ ಮಾಡಿದಳು. ಕಿಟಕಿಯ ಮರ ಹಳತಾಗಿ ಸಂದಿ ಬಿಟ್ಟಿತ್ತು.

“ಬಟ್ಟೆ ತುರುಕಿದ್ರೆ ನಿಲ್ಲಲ್ಲ ಇದು. ತಗಡು ಹೊಡ್ದುಬಿಡಪ್ಪ,” ಎಂದಳು ಮಗನಿಗೆ.

“ಪೂರ್ತಿ ಮುಚ್ಚಿಬಿಡ್ಲಾ ಅಮ್ಮ?”

“ಪೂರ್ತಿ. ಅರ್ಧಂಬರ್ಧ ಮಾಡಿದ್ದಕ್ಕೇ ನನ್ನವೆರಡು ಹೋಗಿದ್ದು.”

ಅಜ್ಜಿ ಹೆತ್ತದ್ದು ಐದು. ಎರಡು ಕೂಸು ತಿಂಗಳು ತುಂಬುವ ಮೊದಲೇ ಹೋಗಿದ್ದವು, ಇದೇ ಕೋಣೆಯಲ್ಲಿ. ಒಂದೊಂದು ಹೋದಾಗಲೂ ಮುಂದಿನ ಬಾಣಂತನಕ್ಕೆ ಕೋಣೆಯನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಅಪ್ಪ ತಗಡು ಕತ್ತರಿಸಿ ತಂದು ಕಿಟಕಿಯ ಸರಳುಗಳಿಗೆ ನಾಲ್ಕೂ ಕಡೆ ಬೆಸುಗೆ ಹಾಕಿದ. ಅವನ ಶೆಡ್ಡಿನ ಗೋಡೆಯ ಮೇಲೆ ಅವನೇ ಬಣ್ಣದಲ್ಲಿ ಬರೆದದ್ದೊಂದು ಸಾಲಿತ್ತು: ‘ಷಟರ್ ಪೂರ್ತಿ ಎತ್ತಿದ ಮೇಲೆಯೇ ಕೆಲಸ.’ ಒಮ್ಮೆ ಮಳೆ ಎಂದು ಷಟರ್ ಇಳಿಸಿಕೊಂಡು ಕೆಲಸ ಮಾಡಿ ತಲೆ ಸುತ್ತಿ ಬಿದ್ದವನು ಅವನು. ಶೆಡ್ಡಿನ ಬುದ್ಧಿ ಶೆಡ್ಡಿನಲ್ಲೇ ಉಳಿಯಿತು, ಹಿಂದಿನ ಕೋಣೆಯವರೆಗೆ ನಡೆದು ಬರಲಿಲ್ಲ.

“ಯಾಕೆ ಅಜ್ಜಿ? ಆಸ್ಪತ್ರೇಲಿ ಡಾಕ್ಟ್ರು ಕಿಟಕಿ ತೆರೆದಿಡಿ ಅಂದ್ರಂತಲ್ಲ?” ಎಂದು ಯಾಕಮ್ಮ ಕೇಳಿದಳು.

“ಡಾಕ್ಟ್ರಿಗೇನು, ಹೇಳಿ ಹೋಗ್ತಾರೆ. ಕೂಸು ಎತ್ಕೊಂಡು ಕೂರೋಳು ನಾನು. ಹೋಗು, ಓದ್ಕೋ ಹೋಗು.”

ಓದಿಕೊಳ್ಳಲು ಯಾಕಮ್ಮನಿಗೆ ಆಗ ಬೇಕಾದಷ್ಟಿತ್ತು. ನಗರದ ಪ್ರೌಢಶಾಲೆಗಳಿಗೆಲ್ಲ ಒಂದು ಸಂಶೋಧನಾ ಸ್ಪರ್ಧೆ ಏರ್ಪಟ್ಟಿತ್ತು. ಒಂದೇ ವಿಷಯವನ್ನು ವಿಜ್ಞಾನ, ಸಮಾಜ, ಗಣಿತ ಮೂರನ್ನೂ ಕೂಡಿಸಿ ಅಧ್ಯಯನ ಮಾಡಬೇಕು, ಮೂವರ ತಂಡ, ಎರಡು ತಿಂಗಳ ಸಮಯ. ಯಾಕಮ್ಮನ ತಂಡದಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು, ಬೇಕರಿಯವರ ಮಗನೊಬ್ಬ. ತರಗತಿಯಲ್ಲಿ ಅವರಿಬ್ಬರನ್ನೂ ಕನ್ನಡಕ, ಬೇಕರಿ ಎಂದೇ ಕರೆಯುತ್ತಿದ್ದರು. ವಿಷಯ, ‘ನಮ್ಮ ಸುತ್ತಲಿನ ಬೆಂಕಿ, ನಮ್ಮ ಉಸಿರು’.

ವಿಜ್ಞಾನದ ಟೀಚರ್ ಎಲ್ಲಿಂದಲೋ ಒಂದು ಹಳದಿ ಮೀಟರು ಎರವಲು ತಂದುಕೊಟ್ಟರು. ಅಂಗೈಯಗಲದ್ದು. ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುತ್ತಿತ್ತು. “ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ,” ಎಂದು ಟೀಚರ್ ಹೇಳಿದರು. “ಹೊಗೆ ಕಾಣದಿದ್ರೂ ಇರುತ್ತೆ. ಕೆಂಡ ನಿಗಿನಿಗಿ ಅಂತ ಚೆನ್ನಾಗಿ ಉರೀತಿದ್ರೂ ಇರುತ್ತೆ. ರಕ್ತ ಇದನ್ನ ಹಿಡ್ಕೊಂಡ್ರೆ ಆಮ್ಲಜನಕವನ್ನ ಬಿಟ್ಟುಬಿಡುತ್ತೆ, ಕೆಲವೊಮ್ಮೆ ಮೈ ಕೆಂಪಗಾಗುತ್ತೆ. ಮೀಟರು ಮೂವತ್ತೈದು ದಾಟಿದ ಕಡೆ ಗಂಟೆಗಟ್ಟಲೆ ಇರಬಾರದು.” ಮೂವರೂ ಇದನ್ನು ದುಂಡಗೆ ಬರೆದುಕೊಂಡರು. ಕಿರುಪರೀಕ್ಷೆಯಲ್ಲಿ ಮೂವರಿಗೂ ಪೂರ್ತಿ ಅಂಕ ಬಂತು.

ಕೆಲಸ ಹಂಚಿಕೊಂಡರು. ಮೀಟರು ಬೇಕರಿಯ ಜವಾಬ್ದಾರಿ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಕನ್ನಡಕದ ಪಾಲು. ಅಂಕಿಗಳನ್ನು ಕೂಡಿಸಿ ನಕ್ಷೆ ಬಿಡಿಸುವುದು ಯಾಕಮ್ಮನದು.

“ಒಂದೇ ಪುಸ್ತಕ ಇಡಿ,” ಎಂದಿದ್ದರು ಟೀಚರ್. “ಒಬ್ರು ಬರೆದದ್ದು ಇನ್ನೊಬ್ರ ಕಣ್ಣಿಗೆ ಬೀಳಲಿ. ಇಲ್ಲದಿದ್ರೆ ಮೂರು ವಿಷಯ ಕೂಡಿಸಿ ಏನು ಪ್ರಯೋಜನ?”

ಮೂವರೂ ಹ್ಞೂಂ ಎಂದರು, ಮೂರು ಪುಸ್ತಕ ಇಟ್ಟರು. ಅಂಕ ಕೊಡುವವರು ಮೂವರು ಬೇರೆಬೇರೆ ಅಧ್ಯಾಪಕರು. ಒಂದೇ ಪುಸ್ತಕವಾದರೆ ಅದು ಯಾರ ಮೇಜಿನ ಮೇಲೆ ಹೋಗಬೇಕು? ಕೂಡಿಸುವುದನ್ನು ಕೊನೆಯ ವಾರ ಮಾಡಿದರಾಯಿತು ಎಂದು ಒಪ್ಪಂದವಾಯಿತು. ದೊಡ್ಡವರ ಕಚೇರಿಗಳೂ ಹೀಗೇ ನಡೆಯುವುದರಿಂದ ಮಕ್ಕಳನ್ನು ಬಯ್ಯುವ ಮನಸ್ಸು ನನಗಿಲ್ಲ.

ಅಕ್ಕನಿಗೆ ಗಂಡುಮಗು ಹುಟ್ಟಿತು. ಮೂರನೇ ದಿನ ಮನೆಗೆ ಕರೆತಂದರು. ಮೂರು ಕೇಜಿಯ ಕೂಸು, ತಲೆ ತುಂಬ ಕೂದಲು, ಅಜ್ಜನ ಮೂಗು. ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಹೋಗಿ ಬರುವ ಅಧಿಕಾರ ಅಜ್ಜಿಗೆ, ಅಮ್ಮನಿಗೆ, ಬಟ್ಟೆ ಬದಲಿಸಲು ಯಾಕಮ್ಮನಿಗೆ. ಬಸುರಿ ಅತ್ತಿಗೆಗೆ ಪ್ರವೇಶ ಇರಲಿಲ್ಲ.

ಆರನೇ ದಿನ ಬೇಕರಿ ಮೀಟರನ್ನು ಯಾಕಮ್ಮನ ಕೈಗೆ ಕೊಟ್ಟ. “ನಿಮ್ಮನೇಲಿ ಅಗ್ಗಿಷ್ಟಿಕೆ ಇದೆ ಅಂದೆಯಲ್ಲ, ಒಂದು ಅಂಕಿ ಹಿಡ್ಕೊಂಡು ಬಾ. ಪಟ್ಟಿ ಉದ್ದ ಆಗುತ್ತೆ.”

ಅವಳು ಮಡಿಸಿದ ಬಟ್ಟೆಗಳ ನಡುವೆ ಮೀಟರು ಇಟ್ಟುಕೊಂಡು ಒಳಗೆ ಹೋದಳು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕೂಸು ಮಲಗಿತ್ತು. ಕೆನ್ನೆ ಕೆಂಪಗೆ, ತುಟಿ ಕೆಂಪಗೆ. “ಬಣ್ಣ ನೋಡು ಹೇಗೆ ಬಂದಿದೆ,” ಎಂದು ಅಜ್ಜಿ ಕೆಂಡ ಕೆದಕುತ್ತ ಹೆಮ್ಮೆಪಟ್ಟಳು. ಯಾಕಮ್ಮ ಬೆನ್ನು ತಿರುಗಿಸಿ ಮೀಟರಿನ ಗುಂಡಿ ಒತ್ತಿದಳು. ಅಂಕಿ ಏರುತ್ತ ಹೋಗಿ ನೂರ ಎಂಬತ್ತಾರಕ್ಕೆ ನಿಂತಿತು. ಮೀಟರು ಪೀಂ ಪೀಂ ಎಂದು ಕೂಗತೊಡಗಿತು. ಅಜ್ಜಿ ತಿರುಗಿ ನೋಡುವ ಮೊದಲೇ ಅವಳು ಅದನ್ನು ಆರಿಸಿಬಿಟ್ಟಳು.

“ಏನೇ ಅದು?”

“ಏನಿಲ್ಲ ಅಜ್ಜಿ, ಶಾಲೇದು. ಸೆಲ್ ಹೋಗಿರ್ಬೇಕು.”

ಮರುದಿನ ಪ್ರಯೋಗಾಲಯದಲ್ಲಿ ಬೇಕರಿ ಅಂಕಿ ನೋಡಿ ನಕ್ಕ. ಶಾಲೆಯ ಮೈದಾನದಲ್ಲಿ ಒಂದು ಬಂದಿತ್ತು. ವಾಹನಗಳು ನಿಲ್ಲುವ ವೃತ್ತದಲ್ಲಿ ಏಳು. ಬೇಕರಿಯ ಒಲೆಯ ಬಾಯಲ್ಲಿ ಇಪ್ಪತ್ನಾಲ್ಕು.

“ನಮ್ಮ ಒಲೆಗಿಂತ ನಿಮ್ಮ ಅಗ್ಗಿಷ್ಟಿಕೆ ದೊಡ್ಡದಾ? ಸುಳ್ಳು ತೋರಿಸಿದೆ ಮೀಟರು. ಸೆಲ್ ಬದಲಾಯಿಸ್ತೀನಿ.”

ಯಾಕಮ್ಮ ನಕ್ಷೆ ಬಿಡಿಸಲು ಕೂತಿದ್ದಳು. ನೂರ ಎಂಬತ್ತಾರನ್ನು ಕೂಡಿಸಿದರೆ ಉಳಿದ ಕಂಬಗಳೆಲ್ಲ ಗಿಡ್ಡಾಗಿ ಹಾಳೆಯ ತಳಕ್ಕೆ ಅಂಟಿಕೊಳ್ಳುತ್ತಿದ್ದವು. ನೋಡಲು ಚೆನ್ನಾಗಿರಲಿಲ್ಲ. ಗಣಿತದ ಮೇಷ್ಟ್ರು ಹಿಂದಿನ ವಾರವಷ್ಟೇ ಹೇಳಿದ್ದರು: ಉಳಿದ ಅಂಕಿಗಳಿಂದ ತೀರಾ ದೂರ ನಿಂತ ಅಂಕಿಯನ್ನು ಅನುಮಾನಿಸಿ. ಅವರು ಅನುಮಾನಿಸಿ ಎಂದಿದ್ದರು. ಅನುಮಾನ ಬಂದರೆ ಮತ್ತೊಮ್ಮೆ ಅಳೆಯಬೇಕು ಎಂಬುದು ಅದರೊಳಗೇ ಇತ್ತು. ಯಾಕಮ್ಮ ಸ್ಕೇಲು ಇಟ್ಟು, ಪೆನ್ಸಿಲಿನಿಂದ ಆ ಅಂಕಿಯ ಮೇಲೆ ಒಂದು ನೇರ ಗೆರೆ ಎಳೆದಳು. ಪಕ್ಕದಲ್ಲಿ ‘ಮೀಟರು ದೋಷ’ ಎಂದು ಬರೆದಳು. ಜೀವಮಾನವೆಲ್ಲ ಯಾಕೆ ಎಂದು ಕೇಳಿದ ಹುಡುಗಿ ಆ ಒಂದು ದಿನ ಕೇಳಲಿಲ್ಲ.

ಎಂಟನೇ ದಿನ ಕನ್ನಡಕ ಪ್ರಶ್ನಾವಳಿ ಹಿಡಿದು ಬಂದಳು. ಒಳಗೆ ಬಿಡಲಿಲ್ಲ, ಬಾಗಿಲ ಹೊರಗೇ ಕೂತು ಕೇಳಿದಳು. ಅಕ್ಕ ಒಳಗಿನಿಂದ ನಿಧಾನವಾಗಿ ಉತ್ತರ ಕೊಟ್ಟಳು. ತಲೆನೋವು ಇದೆ. ವಾಕರಿಕೆ ಬರುತ್ತೆ. ಕೂಸು ತುಂಬ ನಿದ್ದೆ ಮಾಡುತ್ತೆ, ಹಾಲಿಗೆ ಎಬ್ಬಿಸಿದರೂ ಏಳಲ್ಲ. ಕನ್ನಡಕ ಎಲ್ಲವನ್ನೂ ತನ್ನ ನೀಲಿ ಪುಸ್ತಕದಲ್ಲಿ ಬರೆದುಕೊಂಡು, ಧನ್ಯವಾದ ಹೇಳಿ, ಅಮ್ಮ ಕೊಟ್ಟ ಹಣ್ಣು ತಿಂದು ಹೋದಳು.

ಹನ್ನೊಂದನೇ ದಿನ ಬೆಳಿಗ್ಗೆ, ಹಾಲಿನವನು ಗೇಟು ಬಡಿಯುವ ಹೊತ್ತಿಗೆ, ಕೂಸು ಏಳಲಿಲ್ಲ.

ಅಕ್ಕನನ್ನು ಕೈಹಿಡಿದು ಹೊರಗೆ ತಂದಾಗ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಅಂಗಳದಲ್ಲಿ ಕೂತ ಮೇಲೆ ಒಮ್ಮೆ ವಾಂತಿ ಮಾಡಿದಳು. ಅಪ್ಪ ಕೂಸನ್ನು ಎತ್ತಿಕೊಂಡು ಆಟೋ ಹತ್ತಿದ. ಆಸ್ಪತ್ರೆಯಲ್ಲಿ ಹತ್ತು ನಿಮಿಷವೂ ಇಟ್ಟುಕೊಳ್ಳಲಿಲ್ಲ. ವಾಪಸ್ ಬಂದಾಗಲೂ ಕೂಸಿನ ಕೆನ್ನೆ ಕೆಂಪಗೇ ಇತ್ತು. ನಿದ್ದೆ ಮಾಡೋ ಹಾಗಿದೆ ಎಂದು ಬಂದವರೆಲ್ಲ ಹೇಳಿದರು. “ಗಾಳಿ ಸೋಕಿತು,” ಎಂದಳು ಅಜ್ಜಿ. “ಬಾಗಿಲು ಎಷ್ಟು ಸಲ ತೆಗೆದ್ರಿ ನೀವು. ಆ ಕನ್ನಡಕದ ಹುಡುಗಿ ಬಂದು ಬಾಗಿಲಲ್ಲಿ ಕೂತಿದ್ಲಲ್ಲ, ಅವತ್ತೇ ಸೋಕಿದ್ದು.”

ಯಾಕಮ್ಮನಿಗೆ ಅಳು ಬರಲಿಲ್ಲ. ಎಲ್ಲರೂ ಅಳುತ್ತಿದ್ದರು, ಅವಳು ಅಂಗಳದ ಕಲ್ಲು ಎಣಿಸಿದಳು. ಅಡ್ಡ ಹದಿನಾಲ್ಕು, ಉದ್ದ ಒಂಬತ್ತು. ಬಂದವರಿಗೆ ನೀರು ಕೊಟ್ಟಳು, ಲೋಟ ತೊಳೆದಳು, ಮತ್ತೆ ಕೊಟ್ಟಳು. ಅಕ್ಕನಿಗೆ ಎದೆಯಲ್ಲಿ ಹಾಲು ಕಟ್ಟಿತು. ಅಮ್ಮ ಒದ್ದೆ ಬಟ್ಟೆ ಬದಲಿಸುತ್ತ ಕೂತಿದ್ದಳು, ಬಕೆಟ್ಟಿನ ನೀರು ತಂದುಕೊಡುವುದು ಯಾಕಮ್ಮನ ಕೆಲಸವಾಯಿತು. ತಟ್ಟೆಗೆ ಹಾಕಿದ್ದನ್ನು ಉಂಡಳು, ಉಪ್ಪಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಯಾರೋ ಮಾತಾಡಿಸಿದರೆ ಆ ಮಾತು ಪಕ್ಕದ ಮನೆಯಲ್ಲಿ ನಡೆಯುತ್ತಿರುವ ಹಾಗೆ ಕೇಳಿಸುತ್ತಿತ್ತು. ಐದನೇ ದಿನ ಅಮ್ಮ, “ಶಾಲೆಗೆ ಹೋಗು,” ಎಂದಳು, ಅವಳು ಹೋದಳು.

ಅದು ಕೊನೆಯ ವಾರ. ಕೂಡಿಸುವ ವಾರ.

ಪ್ರಯೋಗಾಲಯದ ಮೇಜಿನ ಮೇಲೆ ಮೂರು ಪುಸ್ತಕಗಳನ್ನು ಮೊದಲ ಸಲ ಒಟ್ಟಿಗೆ ತೆರೆದಿಟ್ಟರು. ಹಸಿರು ಪುಸ್ತಕದಲ್ಲಿ ಬೇಕರಿಯ ಅಕ್ಷರ: ಮನೆ, ಮುಚ್ಚಿದ ಕೋಣೆ, ಇದ್ದಿಲು, ೧೮೬. ನೀಲಿ ಪುಸ್ತಕದಲ್ಲಿ ಕನ್ನಡಕದ ಅಕ್ಷರ: ಅದೇ ಮನೆ, ತಲೆನೋವು, ವಾಕರಿಕೆ, ಮಗುವಿಗೆ ಅತಿ ನಿದ್ದೆ. ಯಾಕಮ್ಮನ ಪುಸ್ತಕದಲ್ಲಿ ಒಂದು ಗೆರೆ. ಬೇಕರಿ ಹಸಿರು ಪುಸ್ತಕವನ್ನು ಮುಚ್ಚಿದ, ಮತ್ತೆ ತೆರೆದ.

“ಸೆಲ್ ಬದಲಾಯಿಸಿದ್ಯಾ ಅವತ್ತು?” ಎಂದು ಯಾಕಮ್ಮ ಕೇಳಿದಳು. ಧ್ವನಿಯಲ್ಲಿ ಏನೂ ಇರಲಿಲ್ಲ.

“ತೆಗೆದು ನೋಡ್ದೆ,” ಎಂದ ಅವನು. “ಹೊಸದೇ ಇತ್ತು. ಅದನ್ನೇ ವಾಪಸ್ ಹಾಕ್ದೆ.”

“ಯಾಕೆ ಹೇಳ್ಲಿಲ್ಲ?”

“ನೀನು ಹೊಡೆದು ಹಾಕಿಬಿಟ್ಟಿದ್ದೆ.”

ಕನ್ನಡಕ ಅಳತೊಡಗಿದಳು. ಯಾಕಮ್ಮ ಪುಸ್ತಕಗಳನ್ನು ಎತ್ತಿಕೊಂಡು ಹೋಗಿ ವಿಜ್ಞಾನದ ಟೀಚರ್ ಮುಂದೆ ಇಟ್ಟಳು. ಟೀಚರ್ ಮೂರನ್ನೂ ಓದಿದರು, ಕುರ್ಚಿಯಲ್ಲಿ ಕೂತರು.

“ಒಂದೇ ಪುಸ್ತಕ ಅಂದಿದ್ದೆ,” ಎಂದರು. ಆಮೇಲೆ, “ಅಂದೆ, ಅಷ್ಟೇ. ಇಟ್ಟಿದ್ದೀರಾ ಅಂತ ಒಂದು ದಿನ ಬಂದು ನೋಡ್ಲಿಲ್ಲ. ನಂದೂ ತಪ್ಪಿದೆ ಮಗು.”

“ಮೀಟರು ಸರಿ ಇತ್ತಾ ಟೀಚರ್?”

“ಗೊತ್ತಿಲ್ಲ. ಗೊತ್ತಿಲ್ಲದೆ ನಾನು ಏನೂ ಹೇಳಲ್ಲ, ನೀನೂ ಹೇಳ್ಬೇಡ. ಮೊದಲು ಅಳೆಯೋಣ.”

ಮರುದಿನ ಶಾಲೆಯ ಉಗ್ರಾಣ ಖಾಲಿ ಮಾಡಿಸಿದರು. ಹತ್ತಡಿ, ಎಂಟಡಿ, ಯಾಕಮ್ಮ ಟೇಪು ಹಿಡಿದು ತಾನೇ ಅಳೆದಳು. ಇದ್ದಿಲ ಅಗ್ಗಿಷ್ಟಿಕೆ ಹೊತ್ತಿಸಿ, ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಮೀಟರನ್ನು ಗಾಜಿನ ಕಿಟಕಿಯ ಒಳಬದಿಗೆ ತೂಗುಹಾಕಿ, ಎಲ್ಲರೂ ಹೊರಗೆ ನಿಂತು ನೋಡಿದರು. ಹತ್ತು ನಿಮಿಷಕ್ಕೆ ನಲವತ್ತು. ಅರ್ಧ ಗಂಟೆಗೆ ನೂರ ಇಪ್ಪತ್ತು. ಒಂದು ಗಂಟೆಗೆ ನೂರ ತೊಂಬತ್ತೊಂದು. ಮೀಟರು ಗಾಜಿನ ಆಚೆ ಪೀಂ ಪೀಂ ಎನ್ನುತ್ತಿತ್ತು. ಆಮೇಲೆ ಕಿಟಕಿ, ಬಾಗಿಲು ಎರಡನ್ನೂ ತೆರೆದರು. ಕಾಲು ಗಂಟೆಗೆ ಒಂಬತ್ತಕ್ಕೆ ಇಳಿಯಿತು. ಮೂರು ಸಲ ಮಾಡಿದರು. ಮೂರು ಸಲವೂ ಹಾಗೇ. ಯಾಕಮ್ಮ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಳು. ಅಕ್ಷರ ಎಂದಿನಂತೆ ದುಂಡಗೇ ಬಂದವು. ಸೊಟ್ಟಗಾಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅವಳು ಮನೆಗೆ ಬಂದಾಗ ಅಜ್ಜಿ ಕೊನೆಯ ಕೋಣೆಯ ನೆಲ ಒರೆಸುತ್ತಿದ್ದಳು. ಅತ್ತಿಗೆಗೆ ಆಗ ಏಳನೇ ತಿಂಗಳು.

“ಈ ಸಲ ಬಾಗಿಲಿಗೂ ಒಂದು ತಗಡು ಹೊಡೆಸ್ಬೇಕು,” ಎಂದಳು ಅಜ್ಜಿ.

ಭಾನುವಾರ ಟೀಚರ್ ಮನೆಗೆ ಬಂದರು. ಅಪ್ಪ ಶೆಡ್ಡಿನಿಂದ ಕೈ ಒರೆಸಿಕೊಂಡು ಬಂದ, ಅಮ್ಮ ಹೊಲಿಗೆ ನಿಲ್ಲಿಸಿದಳು. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಟೀಚರ್ ಉಗ್ರಾಣದಲ್ಲಿ ನಡೆದದ್ದನ್ನು ಸುತ್ತಿ ಬಳಸದೆ ಹೇಳಿದರು. ಕೂಸು ಅದರಿಂದಲೇ ಹೋಯಿತೆಂದು ಆಣೆ ಮಾಡಿ ಹೇಳಲು ತನ್ನಿಂದಾಗದು, ಆದರೆ ಆ ಗಾಳಿಯಲ್ಲಿ ದೊಡ್ಡವರೇ ತಡೆಯುವುದು ಕಷ್ಟ ಎಂದರು.

“ನೋಡಮ್ಮ,” ಎಂದಳು ಅಜ್ಜಿ, “ನೀವು ಓದಿದೋರು. ನಮ್ಮತ್ತೆ ಇದೇ ಕೋಣೇಲಿ ಬಾಣಂತನ ಮಾಡಿಸ್ಕೊಂಡ್ರು. ನಾನು ಮಾಡಿಸ್ಕೊಂಡೆ. ಇಗೋ ಇವನು ಇದೇ ಕೋಣೇಲಿ ಬೆಳೆದೋನು, ಎಂಥ ಆಳಾಗಿದ್ದಾನೆ ನೋಡಿ. ವಿಷ ಆಗಿದ್ರೆ ಇವನು ಹೇಗೆ ಉಳೀತಿದ್ದ?”

“ಉಳಿದವರು ಮಾತ್ರ ಕಣ್ಣಿಗೆ ಕಾಣ್ತಾರಲ್ಲ ಅಜ್ಜಿ, ಅದಕ್ಕೆ ಹಾಗನ್ನಿಸುತ್ತೆ. ಹೋದವರು ಬಂದು ಸಾಕ್ಷಿ ಹೇಳಲ್ಲ.”

“ಹೋದವು ಗಾಳಿ ಸೋಕಿ ಹೋದ್ವು.”

“ಅಜ್ಜಿ,” ಎಂದಳು ಯಾಕಮ್ಮ. ಕೂಸು ಹೋದ ಮೇಲೆ ಮನೆಯಲ್ಲಿ ಅವಳಾಗಿಯೇ ಬಾಯಿ ತೆರೆದದ್ದು ಅದೇ ಮೊದಲು. “ಈ ಕೋಣೇಲಿ ಒಟ್ಟು ಎಷ್ಟು ಕೂಸು ಇದ್ವು? ನಿಂಗೆ ನೆನಪಿರೋದು?”

ಅಜ್ಜಿ ಬೆರಳು ಮಡಿಸಿದಳು. ತನ್ನ ಐದು, ಓರಗಿತ್ತಿಯ ಮೂರು, ಸೊಸೆಯ ಮೂರು, ಈಗಿನದೊಂದು. “ಹನ್ನೆರಡು.”

“ತಿಂಗಳೊಳಗೆ ಹೋದವು?”

ಅಜ್ಜಿ ಮತ್ತೆ ಬೆರಳು ಮಡಿಸಿದಳು. ತನ್ನವೆರಡು, ಓರಗಿತ್ತಿಯದೊಂದು, ಈಗಿನದು. “ನಾಲ್ಕು,” ಎಂದಳು.

“ಯಾಕೆ ಅಜ್ಜಿ?”

ಹಳೆಯ ಪ್ರಶ್ನೆ. ಮನೆಯವರೆಲ್ಲ ಸಾವಿರ ಸಲ ಕೇಳಿ ರೇಗಿದ್ದ ಪ್ರಶ್ನೆ. ಈ ಸಲ ಯಾರೂ ರೇಗಲಿಲ್ಲ.

“ಏನು ಹಾಗಂದ್ರೆ? ನಾನೇ ಕೊಂದೆ ಅಂತೀಯಾ?” ಎಂದಳು ಅಜ್ಜಿ. ಸಿಟ್ಟಿನಿಂದ ಹೇಳಬೇಕೆಂದುಕೊಂಡಿದ್ದಳು, ಬಂದದ್ದು ಬೇರೆ ಧ್ವನಿ. “ಪದ್ಧತಿ ಅಂದ್ರೆ ಪದ್ಧತಿ. ನಡೀಲೇಬೇಕು. ನಾನು ಇರೋವರೆಗೂ ಆ ಕಿಟಕಿ ತೆಗೆಯಲ್ಲ.”

“ಹಾಗಾದ್ರೆ ನಾನು ಆ ಕೋಣೆಗೆ ಹೋಗಲ್ಲ.”

ಎಲ್ಲರೂ ತಿರುಗಿದರು. ಮಾತಾಡಿದವಳು ಅತ್ತಿಗೆ. ಚೌಕಟ್ಟಿಗೆ ಒರಗಿದ್ದವಳು ಈಗ ನೆಟ್ಟಗೆ ನಿಂತಿದ್ದಳು.

“ನನಗೆ ಹೋಗೋಕೆ ತವರಿಲ್ಲ ಅಂತ ನಿಮಗೆಲ್ಲ ಗೊತ್ತು,” ಎಂದಳು. “ಆದ್ರೂ ಹೋಗಲ್ಲ. ಶೆಡ್ಡಲ್ಲಿ ಮಲಗ್ತೀನಿ. ಟೀಚರ್ ಉಗ್ರಾಣ ಇದೆಯಲ್ಲ, ಅಲ್ಲಾದ್ರೂ ಇರ್ತೀನಿ, ಅದಕ್ಕೆ ಕಿಟಕಿ ಇದೆ. ಅಜ್ಜಿ, ನೀವು ನನ್ನನ್ನ ಮಗಳ ಹಾಗೆ ನೋಡ್ಕೊಂಡಿದ್ದೀರಿ. ನಾನು ಎದುರು ಮಾತಾಡ್ದೋಳಲ್ಲ. ಇದೊಂದಕ್ಕೆ ಮಾತ್ರ ಆಗಲ್ಲ.”

“ನಿನ್ನ ಗಂಡ ಏನಂತಾನೆ?” ಎಂದು ಅಮ್ಮ ತಗ್ಗಿದ ದನಿಯಲ್ಲಿ ಕೇಳಿದಳು.

“ಏನಾದ್ರೂ ಅನ್ನಲಿ ಅತ್ತೆ. ಹೊತ್ತಿರೋಳು ನಾನು.”

ಮಂಚದ ಕಡೆಯಿಂದ ಅಕ್ಕ, ಗೋಡೆಯ ಕಡೆಯಿಂದ ಮುಖ ತಿರುಗಿಸದೆಯೇ, “ಆ ಕೋಣೆಗೆ ಕಳಿಸ್ಬೇಡ ಅಪ್ಪ ಅವಳನ್ನ,” ಎಂದಳು.

ಅಪ್ಪ ಅಷ್ಟು ಹೊತ್ತೂ ತನ್ನ ಅಂಗೈ ನೋಡಿಕೊಂಡು ಕೂತಿದ್ದ. ಎದ್ದು ಶೆಡ್ಡಿಗೆ ಹೋದ. ಮುನಿಸಿಕೊಂಡು ಹೋದ ಎಂದೇ ಎಲ್ಲರೂ ತಿಳಿದರು. ಅವನು ಕತ್ತರಿಸುವ ಯಂತ್ರ ಹಿಡಿದುಕೊಂಡು, ಉದ್ದನೆಯ ವೈರು ಎಳೆದುಕೊಂಡು ವಾಪಸ್ ಬಂದ.

“ಏನು ಮಾಡ್ತೀಯೋ?” ಎಂದಳು ಅಜ್ಜಿ.

“ನಾನು ಹಾಕಿದ ಬೆಸುಗೆ ಅಮ್ಮ. ನಾನೇ ಬಿಚ್ತೀನಿ.” ಬಾಗಿಲಲ್ಲಿ ಒಂದು ಕ್ಷಣ ನಿಂತ. “ಶೆಡ್ಡಲ್ಲಿ ಷಟರ್ ಎತ್ತದೆ ನಾನು ಒಂದು ಕಡ್ಡಿ ಹೊತ್ತಿಸಲ್ಲ. ಇಲ್ಲಿ ನಾಲ್ಕೂ ಕಡೆ ಬೆಸುಗೆ ಹಾಕ್ದೆ. ಕೈ ಹೇಗೆ ಬಂತೋ.”

ಕಿಡಿ ಹಾರಿತು, ಕಬ್ಬಿಣ ಕಿರುಚಿತು. ನಾಲ್ಕನೇ ಮೂಲೆ ಬಿಟ್ಟಾಗ ತಗಡು ದಢಾರನೆ ಹೊರಗೆ ಬಿತ್ತು. ಕೋಣೆಗೆ ಬೆಳಕು ಬಂತು. ಗೋಡೆಯ ಮೇಲ್ಭಾಗವೆಲ್ಲ ಕಪ್ಪಾಗಿದ್ದದ್ದು ಆಗಲೇ ಕಾಣಿಸಿದ್ದು.

ಟೀಚರ್ ಹೋದ ಮೇಲೆ ಅಜ್ಜಿ ಆ ಖಾಲಿ ಮಂಚದ ತುದಿಯಲ್ಲಿ ಕೂತಳು. ಯಾಕಮ್ಮ ಗುಡಿಸಲು ಹೋದಾಗ ಕೈಹಿಡಿದು ಪಕ್ಕ ಕೂರಿಸಿಕೊಂಡಳು.

“ನಿಜ ಹೇಳು. ನನ್ನ ಆ ಎರಡೂ ಹೀಗೇ ಹೋದ್ವಾ?”

ಯಾಕಮ್ಮ ಯೋಚಿಸಿದಳು. ಸಮಾಧಾನಕ್ಕೆ ಇಲ್ಲ ಎನ್ನಬಹುದಿತ್ತು. “ಗೊತ್ತಿಲ್ಲ ಅಜ್ಜಿ,” ಎಂದಳು. “ಅವತ್ತು ಯಾರೂ ಅಳೆದಿರಲಿಲ್ಲ.”

“ಇದು?”

“ಇದನ್ನ ನಾನು ಅಳೆದಿದ್ದೆ. ಆರನೇ ದಿನ. ಪೀಂ ಪೀಂ ಅಂತಿತ್ತಲ್ಲ, ಅದು ಸೆಲ್ ಅಲ್ಲ ಅಜ್ಜಿ. ನೂರ ಎಂಬತ್ತಾರಿತ್ತು. ಮೀಟರು ಕೆಟ್ಟಿದೆ ಅಂತ ನಾನೇ ಹೊಡೆದು ಹಾಕ್ದೆ. ನಕ್ಷೆ ಚೆನ್ನಾಗಿ ಕಾಣಲ್ಲ ಅಂತ.”

ಅಜ್ಜಿ ಅವಳನ್ನು ನೋಡಿದಳು. ಹಿಡಿದ ಕೈ ಬಿಡಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಹುಡುಗಿಗೆ ಆಗಲೂ ಅಳು ಬರಲಿಲ್ಲ. ಆದರೆ ಅಜ್ಜಿಯ ಕೈ ಒರಟಾಗಿದೆ, ಬೆಚ್ಚಗಿದೆ ಎಂದು ತಿಳಿಯಿತು. ಕೂಸು ಹೋಗಿ ಎರಡೇ ವಾರ. ಅವಳಿಗೆ ಆರು ವಾರದಷ್ಟು ಉದ್ದ ಅನ್ನಿಸಿತ್ತು. ಆ ಎರಡು ವಾರದಲ್ಲಿ ಅವಳ ಮೈಗೆ ತಿಳಿದ ಮೊದಲ ಸಂಗತಿ ಅದು.

ಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬರಲಿಲ್ಲ. ನಕ್ಷೆ ಅಂದವಾಗಿರಲಿಲ್ಲ: ಒಂದೇ ಒಂದು ಕಂಬ ಹಾಳೆಯ ನೆತ್ತಿಗೆ ಮುಟ್ಟಿ, ಉಳಿದವು ತಳದಲ್ಲಿ ಅಂಟಿಕೊಂಡಿದ್ದವು. ಅದರ ಪಕ್ಕ ಗೆರೆ ಎಳೆದ ಹಳೆಯ ಹಾಳೆಯನ್ನೂ ಹಾಗೇ ಅಂಟಿಸಿದ್ದರು. ತೀರ್ಪುಗಾರರೊಬ್ಬರು, ಇದನ್ನು ಹೊಡೆದು ಹಾಕಿ ಮತ್ತೆ ಯಾಕೆ ಬರೆದಿರಿ ಎಂದು ಕೇಳಿದರು. ಯಾಕಮ್ಮ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವರು ಅಂಕದ ಹಾಳೆ ಹಿಡಿದು ಮುಂದಿನ ಮೇಜಿಗೆ ಹೋದರು. ಆದರೆ ಆ ಸಂಜೆ ಬೇರೆ ಬೇರೆ ಶಾಲೆಗಳ ಏಳು ಮಂದಿ ತಾಯಂದಿರು ಬಂದು, ಆ ಮೀಟರನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ವಿಚಾರಿಸಿದರು. ಕನ್ನಡಕ ಅವರ ವಿಳಾಸಗಳನ್ನು ಬರೆದುಕೊಂಡಳು. ಬೇಕರಿ ಇನ್ನೂ ಆ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದಾನೆ.

ಅತ್ತಿಗೆ ಹೆಣ್ಣುಮಗು ಹೆತ್ತಳು. ಹನ್ನೊಂದನೇ ದಿನ ಬೆಳಿಗ್ಗೆ ಯಾಕಮ್ಮ ಶಾಲೆಗೆ ಹೊರಡುವ ಮೊದಲು ಮೀಟರು ಹಿಡಿದು ಕೊನೆಯ ಕೋಣೆಗೆ ಹೋದಳು. ಕಿಟಕಿ ತೆರೆದಿತ್ತು. ಅಗ್ಗಿಷ್ಟಿಕೆ ಇರಲಿಲ್ಲ, ದಪ್ಪ ಕಂಬಳಿ ಇತ್ತು. ಅಜ್ಜಿ ಕಿಟಕಿಗೆ ಬೆನ್ನು ಕೊಟ್ಟು, ಶಾಲನ್ನು ಎರಡೂ ತೋಳಿಗೆ ಅಗಲವಾಗಿ ಹರಡಿಕೊಂಡು, ಗಾಳಿಗೂ ಕೂಸಿಗೂ ನಡುವೆ ಕೂತಿದ್ದಳು. ಹಳೆಯ ಹೆದರಿಕೆ ಅಷ್ಟು ಬೇಗ ಬಿಡುವುದಿಲ್ಲ. ಕಿಟಕಿಯನ್ನೂ ಮುಚ್ಚುವಂತಿಲ್ಲ, ಕೂಸಿಗೂ ಗಾಳಿ ಸೋಕುವಂತಿಲ್ಲ. ಹಾಗಾಗಿ ತಾನೇ ಅಡ್ಡ ಕೂರುವುದೆಂದು ತೀರ್ಮಾನಿಸಿದ್ದಳು. ಬೆಳಗಿನಿಂದ ಸಂಜೆವರೆಗೆ ಹಾಗೇ ಕೂರುತ್ತಿದ್ದಳು.

ಕೂಸು ಎದ್ದು ಕೈಕಾಲು ಬಡಿದು ಹಾಲಿಗೆ ಅಳತೊಡಗಿತು. ಯಾಕಮ್ಮ ಮಂಚದ ಪಕ್ಕ ಮೀಟರು ಹಿಡಿದಳು. ಆ ಅಳು ಕೇಳುತ್ತ ನಿಂತವಳಿಗೆ ಕಣ್ಣ ಮುಂದಿನ ಅಂಕಿ ಮಸುಕಾಗಿ ಕಂಡಿತು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

“ಎಷ್ಟಿದೆ?” ಎಂದು ಅಜ್ಜಿ ಕೇಳಿದಳು.

“ಎರಡು ಅಜ್ಜಿ.”

“ಇನ್ನೊಂದು ಸಲ ನೋಡು.”

ನೋಡಿದಳು. ಎರಡೇ.

“ಬರ್ಕೋ,” ಎಂದಳು ಅಜ್ಜಿ.